ರಕ್ತವು ತರುವ ವಾರ್ತೆ

ಮಹಾಬಲೇಶ್ವರದ ಬೆಟ್ಟಗಳಲ್ಲಿ ಹುಟ್ಟುವ ಕೃಷ್ಣಾ ನದಿಯು ಸಾತಾರಾ, ಸಾಂಗ್ಲಿ ಜಿಲ್ಲೆಗಳನ್ನು ಹಾಯ್ದು ಬೆಳಗಾವಿ ಜಿಲ್ಲೆಯನ್ನು ಪ್ರವೇಶಿಸುತ್ತದೆ. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಅನೇಕ ಹಳ್ಳಿಗಳು ಈ ನದಿಯ ದಂಡೆಯಲ್ಲಿವೆ. ನಿಪ್ಪಾಣಿಯ ಕಡೆಯಿಂದ ಹರಿದುಬರುವ ವೇದಗಂಗೆಯೂ ದೂಧಗಂಗೆಯನ್ನು ಕೂಡಿಕೊಂಡು ಕೊನೆಗೆ ಕೃಷ್ಣೆಯನ್ನೇ ಸೇರುತ್ತದೆ. ಆಷಾಢ, ಶ್ರಾವಣ ಮಾಸಗಳಲ್ಲಿ ಈ ಹಳ್ಳಿಗಳಲ್ಲಿ ಒಂದು ಸಂಗತಿಯನ್ನು ಕಾಣಬಹುದು. ಊರಿನಲ್ಲಿ ಬಿಸಿಲು ಬಿದ್ದಿರುತ್ತದೆ. ಒಂದು ಹನಿ ಮಳೆಯೂ ಇರುವುದಿಲ್ಲ. ಆದರೂ ಹೊಳೆಯ ನೀರು ಕೆಂಪಾಗಿ, ಗಂಟೆಗಂಟೆಗೂ ಏರುತ್ತಿರುತ್ತದೆ. ಹಿರಿಯರು ದಂಡೆಗೆ ಹೋಗಿ ಸೇತುವೆಯ ಕಂಬದ ಮೇಲಿನ ಗುರುತನ್ನು ನೋಡಿ ಬರುತ್ತಾರೆ. ದೂರದ ಘಟ್ಟಗಳಲ್ಲಿ ಮಳೆ ಸುರಿಯುತ್ತಿದೆಯೆಂಬುದು ಅವರಿಗೆ ತಿಳಿದುಹೋಗುತ್ತದೆ. ೨೦೦೫ರಲ್ಲಿಯೂ ೨೦೧೯ರಲ್ಲಿಯೂ ಮಹಾಪೂರ ಬಂದಾಗ, ಆ ಗುರುತನ್ನು ನೋಡಿಯೇ ಜನರು ದನಕರುಗಳನ್ನು ಎತ್ತರದ ನೆಲಕ್ಕೆ ಸಾಗಿಸಿದರು. ಕಣ್ಣಿಗೆ ಕಾಣದ ಸ್ಥಳದ ವಾರ್ತೆಯನ್ನು ನದಿಯು ತನ್ನ ನೀರಿನ ಮಟ್ಟದಲ್ಲಿ ಬರೆದು ತರುತ್ತದೆ.

ಮನುಷ್ಯನ ಶರೀರದಲ್ಲಿ ಹರಿಯುವ ರಕ್ತವೂ ಇಂತಹುದೇ ಒಂದು ಹೊಳೆ. ಬೆಳೆದ ಮನುಷ್ಯನಲ್ಲಿ ಸುಮಾರು ಐದು ಲೀಟರಿನಷ್ಟಿರುವ ಈ ರಕ್ತವು ನಿಮಿಷಕ್ಕೊಮ್ಮೆಯೆಂಬಂತೆ ಶರೀರವನ್ನೆಲ್ಲ ಸುತ್ತಿ ಬರುತ್ತದೆ. ಯಕೃತ್ತು, ಶ್ವಾಸಕೋಶ, ಮೂಳೆಯ ಮಜ್ಜೆ ಮೊದಲಾದ ಎಲ್ಲ ಅಂಗಗಳನ್ನೂ ಮುಟ್ಟಿ, ಅಲ್ಲಲ್ಲಿಯ ವಾರ್ತೆಯನ್ನು ಹೊತ್ತು ತರುತ್ತದೆ. ಆದಕಾರಣವೇ ವೈದ್ಯರು ಜ್ವರವಿರಲಿ, ಕಾಮಾಲೆಯಿರಲಿ, ಮೊದಲು ರಕ್ತವನ್ನು ಪರೀಕ್ಷಿಸಲು ಹೇಳುತ್ತಾರೆ. ಕ್ಯಾನ್ಸರ್ ರೋಗಕ್ಕೆ ಈಚೆಗೆ ಬಂದಿರುವ ಒಂದು ಹೊಸ ಚಿಕಿತ್ಸೆಯಿಂದ ಯಾರಿಗೆ ಹೆಚ್ಚು ಆಯುಷ್ಯ ದೊರೆತೀತು ಎಂಬುದನ್ನು ರಕ್ತವು ಮುಂಚಿತವಾಗಿ ತಿಳಿಸಬಲ್ಲುದೆ? ಈ ಪ್ರಶ್ನೆಗೆ ಜಗತ್ತಿನ ಅನೇಕ ವಿಜ್ಞಾನಿಗಳು ಉತ್ತರವನ್ನು ಹುಡುಕುತ್ತಿದ್ದಾರೆ. ಅವರು ಕಂಡುಕೊಂಡುದೇನು, ಅದನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದು ತಿಳಿಯತಕ್ಕ ವಿಷಯ.

ಈ ಪ್ರಶ್ನೆಯು ಬೆಳಗಾವಿ ಜಿಲ್ಲೆಯ ಗಡಿಭಾಗಕ್ಕೆ ದೂರದ್ದಲ್ಲ. ನಿಪ್ಪಾಣಿಯೆಂದರೆ ತಂಬಾಕು ಎಂಬ ಮಾತು ನಾಡಿನಲ್ಲೆಲ್ಲ ಪ್ರಸಿದ್ಧವಾಗಿದೆ. ಸುತ್ತಲಿನ ಕಪ್ಪು ನೆಲದಲ್ಲಿ ಬೀಡಿಯ ತಂಬಾಕು ಹುಲುಸಾಗಿ ಬೆಳೆಯುತ್ತದೆ. ಆ ಎಲೆಯನ್ನು ಬೆಳೆದ ರೈತರು, ವಖಾರಿಗಳಲ್ಲಿ ಹಸನು ಮಾಡಿದ ಹೆಣ್ಣುಮಕ್ಕಳು, ಮನೆಯ ಪಡಸಾಲೆಯಲ್ಲಿ ಕುಳಿತು ಬೀಡಿ ಕಟ್ಟಿದ ತಾಯಂದಿರು, ಇವರೆಲ್ಲರ ಒಲೆ ಉರಿದುದು ಇದರಿಂದಲೇ. ೧೯೮೧ರಲ್ಲಿ ತಂಬಾಕಿಗೆ ನ್ಯಾಯವಾದ ಬೆಲೆ ಬೇಕೆಂದು ನಿಪ್ಪಾಣಿಯ ರೈತರು ಹೆದ್ದಾರಿಯಲ್ಲಿ ಕುಳಿತು ಚಳವಳಿ ಹೂಡಿದರು. ಪೊಲೀಸರ ಗೋಲೀಬಾರಿನಲ್ಲಿ ಪ್ರಾಣವನ್ನೂ ತೆತ್ತರು. ಅನ್ನ ಕೊಟ್ಟ ಎಲೆಯನ್ನು ಹಗುರವಾಗಿ ದೂಷಿಸುವುದು ಉಚಿತವಲ್ಲ. ಆದರೆ ಆ ಎಲೆಯನ್ನು ಸುಟ್ಟು ಹೊಗೆ ಸೇದಿದಾಗ, ಸುಣ್ಣದೊಡನೆ ತಿಕ್ಕಿ ದವಡೆಯಲ್ಲಿ ಇಟ್ಟುಕೊಂಡಾಗ, ಅದು ಬಾಯಿ, ಗಂಟಲು, ಶ್ವಾಸಕೋಶಗಳ ಕ್ಯಾನ್ಸರಿಗೆ ಕಾರಣವಾಗುತ್ತದೆಯೆಂಬುದು ನಿಸ್ಸಂದೇಹವಾಗಿ ಸಿದ್ಧವಾಗಿದೆ. ೨೦೨೨ರ ಅಂದಾಜಿನಂತೆ ಭಾರತದಲ್ಲಿ ಒಂದೇ ವರ್ಷದಲ್ಲಿ ಸುಮಾರು ೧೪ ಲಕ್ಷ ಜನರಿಗೆ ಹೊಸದಾಗಿ ಕ್ಯಾನ್ಸರ್ ತಗುಲಿತು. ಪುರುಷರಲ್ಲಿ ಬಾಯಿಯ ಕ್ಯಾನ್ಸರಿಗೇ ಮೊದಲ ಸ್ಥಾನ.

ರೋಗವು ಬಂದ ಮೇಲೆ ಈ ಭಾಗದ ಜನರು ಆಸ್ಪತ್ರೆಯನ್ನು ಅರಸಿ ಊರು ಬಿಡುತ್ತಾರೆ. ರಾಯಬಾಗ, ಕುಡಚಿ, ಉಗಾರ, ಶೇಡಬಾಳಗಳಲ್ಲಿ ರೈಲು ಹತ್ತಿದರೆ ಮಿರಜ ದೂರವಲ್ಲ. ಅಲ್ಲಿಯ ಆಸ್ಪತ್ರೆಗಳು ಅಜ್ಜಂದಿರ ಕಾಲದಿಂದಲೂ ಈ ಜನರಿಗೆ ಪರಿಚಿತ. ಮುಂಬಯಿಯಲ್ಲಿ ೧೯೪೧ರಲ್ಲಿ ಸ್ಥಾಪಿತವಾದ ಟಾಟಾ ಸ್ಮಾರಕ ಆಸ್ಪತ್ರೆ, ಬೆಂಗಳೂರಿನಲ್ಲಿ ೧೯೭೩ರಲ್ಲಿ ಆರಂಭವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ, ಇವು ಬಡವರ ಪಾಲಿಗೆ ದೊಡ್ಡ ಆಸರೆಗಳು. ೨೦೨೫ರ ಜನವರಿಯಲ್ಲಿ ಬೆಳಗಾವಿಯಲ್ಲಿಯೇ ಕೆ.ಎಲ್.ಇ. ಸಂಸ್ಥೆಯ ಕ್ಯಾನ್ಸರ್ ಆಸ್ಪತ್ರೆಯು ಉದ್ಘಾಟನೆಯಾಯಿತು.

ಶಸ್ತ್ರಕ್ರಿಯೆ, ವಿಕಿರಣ ಮತ್ತು ಔಷಧಿ ಇವು ಕ್ಯಾನ್ಸರಿಗೆ ಬಹುಕಾಲದಿಂದ ಇರುವ ಮೂರು ಚಿಕಿತ್ಸೆಗಳು. ಇವೆಲ್ಲವೂ ಹೊರಗಿನಿಂದ ರೋಗದ ಮೇಲೆ ಎರಗುತ್ತವೆ. ಈಚೆಗೆ ಬಂದ ನಾಲ್ಕನೆಯ ಚಿಕಿತ್ಸೆಯ ರೀತಿ ಬೇರೆ. ಅದು ಶರೀರದ ಸ್ವಂತ ಕಾವಲುಪಡೆಯನ್ನೇ ರೋಗದ ಮೇಲೆ ಬಿಡುತ್ತದೆ. ಇದನ್ನು ಇಮ್ಯುನೊಥೆರಪಿ ಎಂದು ಕರೆಯುತ್ತಾರೆ. ಬಿಳಿಯ ರಕ್ತಕಣಗಳಲ್ಲಿ ಲಿಂಫೊಸೈಟ್ ಎಂಬ ಒಂದು ಜಾತಿಯುಂಟು. ಅವುಗಳಲ್ಲಿ ಕೆಲವು, ಶರೀರದೊಳಗೆ ಅಲೆದಾಡುತ್ತ, ಕೆಟ್ಟುಹೋದ ಜೀವಕೋಶಗಳನ್ನು ಗುರುತಿಸಿ ಕೊಲ್ಲುತ್ತವೆ. ಆದರೆ ಕಾವಲುಗಾರನು ಅತಿರೇಕಕ್ಕೆ ಹೋಗಿ ಮನೆಯವರನ್ನೇ ಹೊಡೆಯಬಾರದಷ್ಟೆ. ಆದಕಾರಣ ಪ್ರಕೃತಿಯು ಈ ಕಣಗಳಿಗೆ ಕಡಿವಾಣವನ್ನು ತೊಡಿಸಿದೆ. ಕ್ಯಾನ್ಸರಿನ ಜೀವಕೋಶವು ಬಲು ಚತುರ. ಅದು ಆ ಕಡಿವಾಣವನ್ನು ತಾನೇ ಹಿಡಿದು ಜಗ್ಗಿ, ಕಾವಲುಗಾರನನ್ನು ನಿಂತಲ್ಲಿಯೇ ನಿಲ್ಲಿಸಿಬಿಡುತ್ತದೆ. ಕಡಿವಾಣವನ್ನು ಕ್ಯಾನ್ಸರಿನ ಕೈಯಿಂದ ಬಿಡಿಸುವುದೇ ಹೊಸ ಔಷಧಿಯ ಕೆಲಸ. ಜಪಾನಿನ ತಾಸುಕು ಹೊಂಜೊ ಅವರು ೧೯೯೨ರಲ್ಲಿ ಪಿ.ಡಿ.-೧ ಎಂಬ ಕಡಿವಾಣವನ್ನು ಗುರುತಿಸಿದರು. ಅಮೆರಿಕೆಯ ಜೇಮ್ಸ್ ಆಲಿಸನ್ ಅವರು ಇನ್ನೊಂದು ಕಡಿವಾಣದ ಮೇಲೆ ಕೆಲಸ ಮಾಡಿದರು. ಇವರ ಸಂಶೋಧನೆಯ ಫಲವಾಗಿ ೨೦೧೧ರಿಂದ ಒಂದೊಂದಾಗಿ ಔಷಧಿಗಳು ಬಳಕೆಗೆ ಬಂದವು. ೨೦೧೮ರಲ್ಲಿ ಇಬ್ಬರಿಗೂ ಕೂಡಿ ನೊಬೆಲ್ ಪಾರಿತೋಷಕ ದೊರೆಯಿತು.

ಈ ಔಷಧಿಯಿಂದ ಕೆಲವರಿಗೆ ಆದ ಉಪಕಾರವು ವೈದ್ಯರನ್ನೇ ಬೆರಗುಗೊಳಿಸಿತು. ಆದರೆ ಎಲ್ಲರಿಗೂ ಅದು ಫಲಿಸಲಿಲ್ಲ. ಬಾಯಿ, ಗಂಟಲುಗಳ ಕ್ಯಾನ್ಸರ್ ಮರುಕಳಿಸಿದ ೩೬೧ ರೋಗಿಗಳ ಮೇಲೆ ನಡೆದ ಒಂದು ಪ್ರಯೋಗದ ಫಲಿತಾಂಶವು ೨೦೧೬ರಲ್ಲಿ ಪ್ರಕಟವಾಯಿತು. ನಿವೊಲುಮ್ಯಾಬ್ ಎಂಬ ಔಷಧಿಯನ್ನು ಪಡೆದವರಲ್ಲಿ ನೂರಕ್ಕೆ ೩೬ ಜನರು ಒಂದು ವರ್ಷದ ನಂತರವೂ ಬದುಕಿದ್ದರು. ಹಳೆಯ ಔಷಧಿಗಳನ್ನು ಪಡೆದವರಲ್ಲಿ ಹಾಗೆ ಉಳಿದವರು ನೂರಕ್ಕೆ ಸುಮಾರು ೧೭ ಜನರು ಮಾತ್ರ. ಲಾಭವೇನೋ ಸ್ಪಷ್ಟ. ಆದರೂ ಗಂತಿಯು ಕಣ್ಣಿಗೆ ಕಾಣುವಷ್ಟು ಕುಗ್ಗಿದುದು ನೂರರಲ್ಲಿ ೧೩ ಜನರಿಗಷ್ಟೆ.

ಔಷಧಿಯ ಬೆಲೆಯಂತೂ ಬಡವರ ಕೈಗೆ ಎಟುಕುವಂತಹುದಲ್ಲ. ಈ ಕಷ್ಟವನ್ನು ಕಂಡ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು, ರೂಢಿಯ ಪ್ರಮಾಣದ ಹತ್ತನೆಯ ಒಂದು ಪಾಲಿಗಿಂತಲೂ ಕಡಿಮೆಯಾದ ೨೦ ಮಿಲಿಗ್ರಾಂ ನಿವೊಲುಮ್ಯಾಬನ್ನು ಮೂರು ವಾರಗಳಿಗೊಮ್ಮೆ ಕೊಟ್ಟು ನೋಡಿದರು. ೨೦೨೨ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ೧೫೧ ರೋಗಿಗಳಿದ್ದರು. ಅಗ್ಗದ ಮಾತ್ರೆಗಳನ್ನಷ್ಟೇ ಪಡೆದ ಗುಂಪಿನಲ್ಲಿ ಒಂದು ವರ್ಷದ ನಂತರ ಉಳಿದವರು ನೂರಕ್ಕೆ ೧೬. ಮಾತ್ರೆಗಳೊಡನೆ ಅಲ್ಪಪ್ರಮಾಣದ ನಿವೊಲುಮ್ಯಾಬನ್ನೂ ಪಡೆದವರಲ್ಲಿ ನೂರಕ್ಕೆ ೪೩. ಇದು ಭಾರತದ ವೈದ್ಯರು ತಮ್ಮ ದೇಶದ ರೋಗಿಗಳ ಸ್ಥಿತಿಗತಿಯನ್ನು ಅರಿತು ಕಂಡುಕೊಂಡ ದಾರಿ. ಆದರೆ ಇಲ್ಲಿಯೂ ಅರ್ಧಕ್ಕಿಂತ ಹೆಚ್ಚು ಜನರು ಒಂದು ವರ್ಷವನ್ನು ಕಾಣಲಿಲ್ಲವೆಂಬುದನ್ನು ಮರೆಯಲಾಗದು.

ಯಾರಿಗೆ ಫಲಿಸೀತು, ಯಾರಿಗೆ ಫಲಿಸದು ಎಂಬುದನ್ನು ಮೊದಲೇ ತಿಳಿಯುವುದು ಹೇಗೆ? ಗಂತಿಯ ಚೂರೊಂದನ್ನು ಕತ್ತರಿಸಿ ತೆಗೆದು, ಅದರಲ್ಲಿ ಕೆಲವು ಗುರುತುಗಳಿವೆಯೇ ಎಂದು ಪರೀಕ್ಷಿಸುವ ಕ್ರಮವುಂಟು. ಆದರೆ ಅದಕ್ಕೆ ದೊಡ್ಡ ಪ್ರಯೋಗಾಲಯ ಬೇಕು, ಹಣ ಬೇಕು. ಮತ್ತೆ ಮತ್ತೆ ಗಂತಿಯನ್ನು ಕತ್ತರಿಸುವುದೂ ಸುಲಭವಲ್ಲ. ಹೀಗಿರುವಲ್ಲಿ ವಿಜ್ಞಾನಿಗಳ ದೃಷ್ಟಿಯು ರಕ್ತದ ಕಡೆಗೆ ಹೊರಳಿದುದು ಸಹಜವೇ ಆಗಿದೆ. ತೋಳಿನಿಂದ ನಾಲ್ಕಾರು ಮಿಲಿಲೀಟರ್ ರಕ್ತವನ್ನು ತೆಗೆಯುವುದು ತಾಲ್ಲೂಕಿನ ಊರಿನಲ್ಲಿಯೂ ಸಾಧ್ಯವಾದ ಕೆಲಸ.

ರಕ್ತದಲ್ಲಿ ಕಾಣುವ ಮೊದಲನೆಯ ಸೂಚನೆಯು ಬಿಳಿಯ ಕಣಗಳ ಎಣಿಕೆ. ಬಿಳಿಯ ಕಣಗಳಲ್ಲಿ ಹೆಚ್ಚಿನವು ನ್ಯೂಟ್ರೊಫಿಲ್ ಎಂಬ ಜಾತಿಯವು. ಗಾಯವಾದಾಗ, ಕೀವಾದಾಗ, ಉರಿಯೂತವಾದಾಗ ಮೊದಲು ಓಡಿಬರುವವು ಇವೇ. ನೂರು ಬಿಳಿಯ ಕಣಗಳಲ್ಲಿ ೬೦ ನ್ಯೂಟ್ರೊಫಿಲ್‌ಗಳೂ ೩೦ ಲಿಂಫೊಸೈಟ್‌ಗಳೂ ಇದ್ದರೆ ಅವುಗಳ ಅನುಪಾತವು ೨. ಆರೋಗ್ಯವಂತರಲ್ಲಿ ಇದು ಸಾಮಾನ್ಯವಾಗಿ ೧ರಿಂದ ೩ರ ಒಳಗಿರುತ್ತದೆ. ಮತ್ತೊಬ್ಬನಲ್ಲಿ ೮೦ ನ್ಯೂಟ್ರೊಫಿಲ್‌ಗಳೂ ೧೦ ಲಿಂಫೊಸೈಟ್‌ಗಳೂ ಇದ್ದರೆ ಅನುಪಾತವು ೮ ಆಗುತ್ತದೆ. ಇಮ್ಯುನೊಥೆರಪಿಯನ್ನು ಆರಂಭಿಸುವಾಗ ಈ ಅನುಪಾತವು ಹೆಚ್ಚಾಗಿದ್ದವರು ಸರಾಸರಿಯಲ್ಲಿ ಕಡಿಮೆ ಕಾಲ ಬದುಕಿದರೆಂದು ಹಲವಾರು ದೇಶಗಳ ಅಧ್ಯಯನಗಳಲ್ಲಿ ಕಂಡುಬಂದಿದೆ. ಇದರ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಔಷಧಿಯು ತಾನಾಗಿ ಕ್ಯಾನ್ಸರನ್ನು ಕೊಲ್ಲುವುದಿಲ್ಲ. ಲಿಂಫೊಸೈಟ್‌ಗಳ ಕಡಿವಾಣವನ್ನು ಬಿಡಿಸುತ್ತದೆ, ಅಷ್ಟೆ. ಬಿಡಿಸಲು ಸೈನಿಕರೇ ಕಡಿಮೆಯಿದ್ದರೆ ಕಡಿವಾಣ ಬಿಡಿಸಿ ಪ್ರಯೋಜನವೇನು? ಅಲ್ಲದೆ ಬಹುದಿನದ ಉರಿಯೂತದಲ್ಲಿ ಹೆಚ್ಚಿದ ಕೆಲವು ನ್ಯೂಟ್ರೊಫಿಲ್‌ಗಳು ಗಂತಿಯ ಬೆಳವಣಿಗೆಗೆ ನೆರವಾಗುವುದೂ ಉಂಟು.

ಎರಡನೆಯ ಸೂಚನೆಯು ಎಲ್.ಡಿ.ಎಚ್. ಎಂಬ ಕಿಣ್ವ. ಇದು ಎಲ್ಲ ಜೀವಕೋಶಗಳ ಒಳಗೂ ಇರುವಂತಹುದು. ಜೀವಕೋಶವು ಒಡೆದಾಗ ಹೊರಬಿದ್ದು ರಕ್ತವನ್ನು ಸೇರುತ್ತದೆ. ಗಂತಿಯು ವೇಗವಾಗಿ ಬೆಳೆಯುತ್ತ, ಅದರ ಕೋಶಗಳು ಅಷ್ಟೇ ವೇಗವಾಗಿ ಸಾಯುತ್ತಿದ್ದರೆ ರಕ್ತದಲ್ಲಿ ಇದರ ಪ್ರಮಾಣವು ಏರುತ್ತದೆ. ಮೂರನೆಯದು ಆಲ್ಬುಮಿನ್. ಯಕೃತ್ತಿನಲ್ಲಿ ತಯಾರಾಗುವ ಈ ಪ್ರೋಟೀನು ಶರೀರದಲ್ಲಿ ಉರಿಯೂತವು ಹೆಚ್ಚಿದಾಗಲೂ ರೋಗಿಯು ಸೊರಗಿದಾಗಲೂ ಕಡಿಮೆಯಾಗುತ್ತದೆ. ಇದಕ್ಕೆ ವಿರುದ್ಧವಾಗಿ ಸಿ-ರಿಯಾಕ್ಟಿವ್ ಪ್ರೋಟೀನ್ ಎಂಬುದು ಉರಿಯೂತದೊಡನೆ ಹೆಚ್ಚುತ್ತದೆ. ಇವು ಯಾವುವೂ ಹೊಸ ಪರೀಕ್ಷೆಗಳಲ್ಲ. ಹಳೆಯ ಪರೀಕ್ಷೆಗಳಿಂದ ಹೊಸ ಪ್ರಶ್ನೆಗೆ ಉತ್ತರ ಹುಡುಕಿದುದೇ ಇಲ್ಲಿಯ ವಿಶೇಷ.

ಈ ಸೂಚನೆಗಳನ್ನು ಒಂದುಗೂಡಿಸಿದರೆ ಹೆಚ್ಚು ತಿಳಿದೀತೆಂದು ಫ್ರಾನ್ಸಿನ ವೈದ್ಯರು ಯೋಚಿಸಿದರು. ಶ್ವಾಸಕೋಶದ ಕ್ಯಾನ್ಸರಿಗೆ ಇಮ್ಯುನೊಥೆರಪಿ ಪಡೆದ ೪೬೬ ರೋಗಿಗಳ ವಿವರವನ್ನು ಅವರು ೨೦೧೮ರಲ್ಲಿ ಪ್ರಕಟಿಸಿದರು. ಅವರ ಲೆಕ್ಕವು ಸರಳವಾದುದು. ನ್ಯೂಟ್ರೊಫಿಲ್‌ಗಳ ಸಂಖ್ಯೆಯನ್ನು ಉಳಿದ ಬಿಳಿಯ ಕಣಗಳ ಸಂಖ್ಯೆಯಿಂದ ಭಾಗಿಸಿದಾಗ ೩ಕ್ಕಿಂತ ಹೆಚ್ಚು ಬರುವುದು ಒಂದು ದೋಷ; ಎಲ್.ಡಿ.ಎಚ್. ಮಿತಿಯನ್ನು ಮೀರಿರುವುದು ಇನ್ನೊಂದು ದೋಷ. ಎರಡೂ ಇಲ್ಲದವರದು ಒಂದು ಗುಂಪು, ಒಂದು ಮಾತ್ರ ಇರುವವರದು ಇನ್ನೊಂದು, ಎರಡೂ ಇರುವವರದು ಮೂರನೆಯದು. ಬದುಕಿದ ಕಾಲದ ಮಧ್ಯಾಂಕವು ಮೊದಲ ಗುಂಪಿನಲ್ಲಿ ೩೪ ತಿಂಗಳು, ಎರಡನೆಯದರಲ್ಲಿ ೧೦ ತಿಂಗಳು, ಮೂರನೆಯದರಲ್ಲಿ ೩ ತಿಂಗಳು. ಗಣಿತದ ಪಾಠದಲ್ಲಿ ಕಲಿಯುವ ಮಧ್ಯಾಂಕವನ್ನು ಇಲ್ಲಿ ನೆನೆಯಬೇಕು. ಮಧ್ಯಾಂಕವು ೩ ತಿಂಗಳೆಂದರೆ ಎಲ್ಲರೂ ಮೂರು ತಿಂಗಳಿಗೆ ತೀರಿಕೊಂಡರೆಂದು ಅರ್ಥವಲ್ಲ. ಅರ್ಧದಷ್ಟು ಜನರು ಅದಕ್ಕಿಂತ ಹೆಚ್ಚು ಕಾಲ ಇದ್ದರೆಂದೇ ಅದರ ಅರ್ಥ. ಸಂಖ್ಯೆಯನ್ನು ಓದಲು ಬಾರದವನು ಇದರಲ್ಲಿ ಮರಣಶಾಸನವನ್ನು ಕಾಣುತ್ತಾನೆ; ಓದಬಲ್ಲವನು ಉಳಿದ ಅರ್ಧವನ್ನೂ ಕಾಣುತ್ತಾನೆ.

ಮುಂದಿನ ವರ್ಷವೇ ಇನ್ನೊಂದು ಸತ್ಯ ಹೊರಬಂದಿತು. ಅಮೆರಿಕೆಯಲ್ಲಿ ಔಷಧಿಗಳಿಗೆ ಅನುಮತಿ ಕೊಡುವ ಸರಕಾರಿ ಇಲಾಖೆಯ ವಿಜ್ಞಾನಿಗಳು ೧೧ ಪ್ರಯೋಗಗಳ ವಿವರಗಳನ್ನು ಒಟ್ಟುಗೂಡಿಸಿ, ಇದೇ ಲೆಕ್ಕವನ್ನು ಹಾಕಿ ನೋಡಿದರು. ಇಮ್ಯುನೊಥೆರಪಿ ಪಡೆದವರಲ್ಲಿ ಮಾತ್ರವಲ್ಲದೆ ಬೇರೆ ಔಷಧಿ ಪಡೆದವರಲ್ಲಿಯೂ ದೋಷವಿಲ್ಲದ ಗುಂಪಿನವರೇ ಹೆಚ್ಚು ಕಾಲ ಬದುಕಿದ್ದರು. ಇದರ ಅರ್ಥವನ್ನು ಸೂಕ್ಷ್ಮವಾಗಿ ತಿಳಿಯಬೇಕು. ಸೇತುವೆಯ ಕಂಬದ ಗುರುತು ಹೊಳೆಯು ಎಷ್ಟು ಏರಿದೆಯೆಂಬುದನ್ನು ಹೇಳುತ್ತದೆ. ಮರದ ದೋಣಿಯಲ್ಲಿ ದಾಟಬೇಕೇ, ಯಂತ್ರದ ದೋಣಿಯಲ್ಲಿ ದಾಟಬೇಕೇ ಎಂಬುದನ್ನು ಅದು ಹೇಳುವುದಿಲ್ಲ. ಅಂತೆಯೇ ಈ ರಕ್ತಸೂಚನೆಗಳು ರೋಗವು ಎಷ್ಟು ಬಲವಾಗಿದೆಯೆಂಬುದನ್ನು ಚೆನ್ನಾಗಿ ತಿಳಿಸುತ್ತವೆ. ಆದರೆ ಇಂತಹ ಔಷಧಿಯೇ ಈ ರೋಗಿಗೆ ಒಪ್ಪುವುದು, ಒಪ್ಪದು ಎಂದು ನಿರ್ಣಯಿಸುವ ಶಕ್ತಿಯು ಅವುಗಳಿಗೆ ಅಷ್ಟಾಗಿ ಇಲ್ಲ. ಹೊಳೆ ಏರಿದೆಯೆಂದು ದೋಣಿಯನ್ನೇ ಕೊಡೆನೆನ್ನುವುದು ಹೇಗೆ ಸರಿಯಲ್ಲವೋ, ಸಂಖ್ಯೆ ಕೆಟ್ಟದಾಗಿದೆಯೆಂದು ಚಿಕಿತ್ಸೆಯನ್ನೇ ನಿರಾಕರಿಸುವುದೂ ಹಾಗೆಯೇ ಸರಿಯಲ್ಲ.

ಸಂಶೋಧನೆಯು ಇಲ್ಲಿಗೆ ನಿಲ್ಲಲಿಲ್ಲ. ೨೦೨೫ರಲ್ಲಿ ಅಮೆರಿಕೆಯ ನ್ಯೂಯಾರ್ಕ್ ನಗರದ ಸಂಶೋಧಕರು ಸಾಮಾನ್ಯ ರಕ್ತಪರೀಕ್ಷೆಯ ಅಂಕಿಗಳನ್ನೂ ರೋಗಿಯ ಇತರ ವಿವರಗಳನ್ನೂ ಗಣಕಯಂತ್ರಕ್ಕೆ ಕೊಟ್ಟು, ಸ್ಕಾರ್ಪಿಯೊ ಎಂಬ ಹೆಸರಿನ ಲೆಕ್ಕಾಚಾರವೊಂದನ್ನು ರೂಪಿಸಿ ಪ್ರಕಟಿಸಿದರು. ೨೧ ಬಗೆಯ ಕ್ಯಾನ್ಸರುಗಳ, ೯,೭೪೫ ರೋಗಿಗಳ ವಿವರಗಳು ಅದರಲ್ಲಿ ಬಳಕೆಯಾದವು. ಇಮ್ಯುನೊಥೆರಪಿಯ ನಂತರ ಯಾರು ಹೆಚ್ಚು ಕಾಲ ಬದುಕಿಯಾರೆಂಬುದನ್ನು ಊಹಿಸುವಲ್ಲಿ, ಗಂತಿಯ ಚೂರಿನ ಮೇಲೆ ನಡೆಸುವ ಖರ್ಚಿನ ಪರೀಕ್ಷೆಗಿಂತ ಇದೇ ಮೇಲೆಂದು ಕಂಡುಬಂದಿತು. ಅಗ್ಗದ ಪರೀಕ್ಷೆಯು ದುಬಾರಿಯ ಪರೀಕ್ಷೆಯನ್ನು ಹಿಂದೆ ಹಾಕಿದುದು ಬಡ ದೇಶಗಳಿಗೆ ಭರವಸೆಯ ಸುದ್ದಿಯೇ ಸರಿ. ಆದರೆ ಬೇರೆ ದೇಶದ ರೋಗಿಗಳ ಅಂಕಿಗಳಿಂದ ಕಲಿತ ಲೆಕ್ಕವನ್ನು ಇಲ್ಲಿಯ ರೋಗಿಗಳಿಗೆ ಹಚ್ಚುವ ಮೊದಲು, ಇಲ್ಲಿಯೇ ಅದನ್ನು ಪರೀಕ್ಷಿಸಿ ನೋಡಬೇಕಾದುದು ಅವಶ್ಯ.

ಮತ್ತೊಂದು ಬಗೆಯ ಸೂಚನೆಯು ಇನ್ನೂ ಸೂಕ್ಷ್ಮವಾದುದು. ಜೀವಕೋಶಗಳು ಸತ್ತಾಗ ಅವುಗಳೊಳಗಿನ ಡಿ.ಎನ್.ಎ. ಎಂಬ ವಂಶತಂತುವಿನ ಚೂರುಗಳು ರಕ್ತಕ್ಕೆ ಬಂದು ಸೇರುತ್ತವೆ. ಹೀಗೆ ರಕ್ತದಲ್ಲಿ ತೇಲುವ ಚೂರುಗಳನ್ನು ಫ್ರಾನ್ಸಿನ ಮಾಂಡೆಲ್ ಮತ್ತು ಮೆತೇ ಎಂಬ ವಿಜ್ಞಾನಿಗಳು ೧೯೪೮ರಲ್ಲಿಯೇ ಕಂಡಿದ್ದರು. ಕ್ಯಾನ್ಸರಿನಿಂದ ಬಂದ ಚೂರುಗಳನ್ನು ಇತರ ಚೂರುಗಳಿಂದ ಬೇರ್ಪಡಿಸಿ ಗುರುತಿಸುವ ವಿದ್ಯೆಯು ಈಗ ಬೆಳೆದಿದೆ. ಕೆನಡಾದ ಟೊರಾಂಟೊ ನಗರದ ವೈದ್ಯರು ಇಮ್ಯುನೊಥೆರಪಿ ಪಡೆಯುತ್ತಿದ್ದ ೯೪ ರೋಗಿಗಳ ರಕ್ತದಲ್ಲಿ ಈ ಚೂರುಗಳನ್ನು ಹುಡುಕಿದರು. ಚಿಕಿತ್ಸೆಯ ಅವಧಿಯಲ್ಲಿ ೧೨ ರೋಗಿಗಳ ರಕ್ತದಿಂದ ಅವು ಪೂರ್ತಿಯಾಗಿ ಮಾಯವಾದವು. ೨೦೨೦ರಲ್ಲಿ ವರದಿಯು ಪ್ರಕಟವಾದಾಗ, ಎರಡು ವರ್ಷಗಳಿಗೂ ಮೀರಿದ ಮಧ್ಯಾಂಕದ ಅವಲೋಕನದ ನಂತರವೂ ಆ ೧೨ ಜನರೂ ಬದುಕಿದ್ದರು. ಹೊಳೆಯು ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದನ್ನು ತಿಳಿಯಲು ಗುರುತನ್ನು ಒಮ್ಮೆ ನೋಡಿದರೆ ಸಾಲದು. ಮತ್ತೆ ಮತ್ತೆ ನೋಡಬೇಕೆಂಬುದನ್ನು ಈ ಅಧ್ಯಯನವು ತೋರಿಸಿಕೊಟ್ಟಿತು.

ಒಂದೇ ಅಂಕಿಯನ್ನು ನಂಬಿ ಕುಳಿತರೆ ಮೋಸಹೋಗುವ ಪ್ರಸಂಗಗಳೂ ಇವೆ. ಹಲ್ಲಿನ ಬುಡದಲ್ಲಿ ಕೀವಾಗಿದ್ದರೆ ನ್ಯೂಟ್ರೊಫಿಲ್‌ಗಳು ಹೆಚ್ಚುತ್ತವೆ. ಸ್ಟಿರಾಯ್ಡ್ ಮಾತ್ರೆಗಳನ್ನು ತೆಗೆದುಕೊಳ್ಳುತ್ತಿದ್ದರೆ ನ್ಯೂಟ್ರೊಫಿಲ್‌ಗಳು ಹೆಚ್ಚಿ, ಲಿಂಫೊಸೈಟ್‌ಗಳು ಕಡಿಮೆಯಾಗುತ್ತವೆ. ಬಾಯಿಯ ಹುಣ್ಣಿನಿಂದ ಊಟವೇ ಸೇರದ ರೋಗಿಯು ಸೊರಗುತ್ತಾನೆ. ಹಳ್ಳಿಯಲ್ಲಿ ತೆಗೆದ ರಕ್ತದ ಶೀಶೆಯು ಬಸ್ಸಿನಲ್ಲಿ ಕುಲುಕಾಡಿ ಪ್ರಯೋಗಾಲಯವನ್ನು ತಲುಪುವಷ್ಟರಲ್ಲಿ ಕೆಂಪು ಕಣಗಳು ಒಡೆದರೆ ಎಲ್.ಡಿ.ಎಚ್. ಸುಳ್ಳಾಗಿಯೇ ಹೆಚ್ಚು ತೋರುತ್ತದೆ. ವಾರ್ತೆಯನ್ನು ಕೇಳುವುದು ಎಷ್ಟು ಮುಖ್ಯವೋ, ಅದು ಎಲ್ಲಿಂದ ಬಂದಿತೆಂದು ವಿಚಾರಿಸುವುದೂ ಅಷ್ಟೇ ಮುಖ್ಯ.

ಹೀಗೊಂದು ಸಂದರ್ಭವನ್ನು ಕಲ್ಪಿಸಿಕೊಳ್ಳಬಹುದು. ವಖಾರಿಯಲ್ಲಿ ದುಡಿದು ಹಣ್ಣಾದ ಒಬ್ಬ ರೈತನಿಗೆ ದವಡೆಯ ಕ್ಯಾನ್ಸರ್ ಮರುಕಳಿಸಿದೆ. ಮಗಳು ಅವನನ್ನು ಕರೆದುಕೊಂಡು ಆಸ್ಪತ್ರೆಗೆ ಬಂದಿದ್ದಾಳೆ. ರಕ್ತದ ಅನುಪಾತವು ೮ ಎಂದು ವರದಿಯು ಹೇಳುತ್ತದೆ. ಅದು ಒಳ್ಳೆಯದಲ್ಲವೆಂದು ಯಾರೋ ಹೇಳಿದ್ದನ್ನು ಕೇಳಿ ಮಗಳ ಮುಖ ಬಾಡಿದೆ.

“ಸಾಹೇಬ್ರ, ಈ ಕಾಗದದಾಗ ನಮ್ಮಪ್ಪ ಇನ್ನೆಷ್ಟ ದಿನಾ ಇರ್ತಾನಂತ ಬರದೈತೇನ್ರಿ?” ಎಂದು ಅವಳು ಕೇಳುತ್ತಾಳೆ.

“ಇಲ್ಲ ತಂಗಿ. ಇವತ್ತ ಹೊಳಿ ಎಷ್ಟ ಏರೈತಿ ಅನ್ನೂದಷ್ಟ ಇದರಾಗ ಬರದೈತಿ. ನಾಳಿಂದು ಬರದಿಲ್ಲ” ಎನ್ನುತ್ತಾರೆ ವೈದ್ಯರು.

“ಹಂಗಾರ ಹೊಲಾ ಮಾರಿ ಆ ದೊಡ್ಡ ಔಷಧಾ ಕೊಡಸೂದು ಬ್ಯಾಡೇನ್ರಿ?”

“ಹೊಲಾ ಮಾರೂ ಮಾತು ಇವತ್ತ ಬ್ಯಾಡ. ಮೊದಲ ಆ ಹಲ್ಲಿನ ಕೀವು ಹೋಗ್ಲಿ. ನಿಮ್ಮಪ್ಪ ಒಂದೀಟು ಗಂಜಿಯರ ಕುಡಿಯುವಂಗ ಆಗ್ಲಿ. ಆಮ್ಯಾಲ ಮತ್ತ ರಕ್ತಾ ತಗದು ನೋಡೂನು. ಕಡಿಮಿ ಪ್ರಮಾಣದಾಗ ಕೊಡೂ ದಾರೀನೂ ಐತಿ. ಎಲ್ಲಾರೂ ಕುಂತು ಮಾತಾಡೂನು.”

ಅಷ್ಟರಲ್ಲಿ, ಅಲ್ಲಿಯವರೆಗೆ ಸುಮ್ಮನೆ ಕುಳಿತಿದ್ದ ಮುದುಕನು ತೊದಲುತ್ತ ನುಡಿಯುತ್ತಾನೆ: “ನನ್ನೂ ಒಂದ ಮಾತು ಕೇಳ್ರಿ. ಇರೂತನಕ ಮಕ್ಕಳ ಜೋಡಿ ಮಾತಾಡಿಕೋತ ಇರಬೇಕು. ಹೊಲಾ ಮಾತ್ರ ಮಾರಬ್ಯಾಡ್ರಿ.”

ವೈದ್ಯರು ವರದಿಯನ್ನು ಬದಿಗಿಟ್ಟು, ಕುರ್ಚಿಯನ್ನು ಮುದುಕನ ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ. ಅವನ ಮನಸ್ಸಿನಲ್ಲಿದ್ದ ಆ ಮಾತು ಯಾವ ರಕ್ತಪರೀಕ್ಷೆಯಲ್ಲಿಯೂ ಕಾಣುವಂತಹುದಲ್ಲ. ಅದನ್ನು ಕೇಳಿಯೇ ತಿಳಿಯಬೇಕು.

ರಕ್ತದ ಸೂಚನೆಗಳಿಂದ ಆಗುವ ನಿಜವಾದ ಉಪಯೋಗವು ಇಲ್ಲಿ ಸ್ಪಷ್ಟವಾಗುತ್ತದೆ. ಅವು ರೋಗಿಯ ಆಯುಷ್ಯವನ್ನು ನಿಗದಿ ಮಾಡುವ ತೀರ್ಪುಗಳಲ್ಲ. ಯಾರನ್ನು ಹೆಚ್ಚು ಜಾಗರೂಕತೆಯಿಂದ ನೋಡಿಕೊಳ್ಳಬೇಕು, ಯಾರ ಸೋಂಕನ್ನು ಮೊದಲು ಗುಣಪಡಿಸಬೇಕು, ಯಾರಿಗೆ ಪೌಷ್ಟಿಕ ಆಹಾರದ ನೆರವು ಬೇಕು, ಯಾವ ಚಿಕಿತ್ಸೆಯನ್ನು ಮುಂದುವರಿಸಬೇಕು, ಯಾವುದನ್ನು ಬದಲಿಸುವ ಬಗ್ಗೆ ಯೋಚಿಸಬೇಕು ಎಂಬ ವಿಚಾರಕ್ಕೆ ಅವು ಬೆಳಕು ತೋರಿಸುತ್ತವೆ. ಭರವಸೆ ಇಟ್ಟುಕೊಳ್ಳಲು ಎಷ್ಟು ಆಧಾರವಿದೆಯೆಂಬುದನ್ನು ತಿಳಿದು, ಕುಟುಂಬವು ಸಾಲ ಮಾಡದೆ, ಹೊಲವನ್ನು ಆತುರದಿಂದ ಮಾರದೆ, ಯೋಚಿಸಿ ನಡೆಯಲು ಅವು ಸಹಾಯಕವಾಗುತ್ತವೆ. ಆದರೆ ನಿರ್ಣಯವು ವೈದ್ಯರ ಅನುಭವ, ರೋಗಿಯ ಇಚ್ಛೆ, ಕುಟುಂಬದ ಶಕ್ತಿ ಇವೆಲ್ಲವೂ ಕೂಡಿದ ಮಾತುಕತೆಯಿಂದ ಹುಟ್ಟಬೇಕು.

ಚಿಕಿತ್ಸೆಗಿಂತ ಮುಂಜಾಗ್ರತೆ ಮೇಲೆಂಬುದನ್ನು ಇಲ್ಲಿ ಹೇಳದಿರಲಾಗದು. ಬಾಯಿಯಲ್ಲಿ ಎರಡು ಮೂರು ವಾರಗಳಾದರೂ ಮಾಯದ ಹುಣ್ಣು, ಬಿಳಿಯ ಅಥವಾ ಕೆಂಪು ಮಚ್ಚೆ, ಬಾಯಿ ಪೂರ್ತಿಯಾಗಿ ತೆರೆಯಲು ಆಗದಿರುವುದು, ಇವು ಕಂಡೊಡನೆ ವೈದ್ಯರ ಬಳಿಗೆ ಹೋಗಬೇಕು. ಆರಂಭದಲ್ಲಿಯೇ ತಿಳಿದರೆ ಬಾಯಿಯ ಕ್ಯಾನ್ಸರನ್ನು ಗುಣಪಡಿಸುವ ಸಂಭವವು ಬಹಳ ಹೆಚ್ಚು. ತಂಬಾಕನ್ನು ಬಾಯಿಗೆ ಇಡದಿರುವುದಂತೂ ಎಲ್ಲಕ್ಕಿಂತ ಮಿಗಿಲಾದ ಔಷಧಿ.

ಮಳೆಗಾಲದ ಒಂದು ಬೆಳಿಗ್ಗೆ ಹೊಳೆಯ ದಂಡೆಯಿಂದ ಹಿಂದಿರುಗಿದ ಹಿರಿಯನು ನೀರು ಎಷ್ಟು ಏರಿದೆಯೆಂದು ಹೇಳುತ್ತಾನೆ. ಅದನ್ನು ಕೇಳಿ ಊರಿನವರು ತಲೆಯ ಮೇಲೆ ಕೈಹೊತ್ತು ಕುಳಿತುಕೊಳ್ಳುವುದಿಲ್ಲ. ಹಗ್ಗ ಬಿಚ್ಚಿ ದನಗಳನ್ನು ಹೊಡೆಯುತ್ತಾರೆ, ಕಾಳುಕಡಿಗಳನ್ನು ಅಟ್ಟಕ್ಕೆ ಏರಿಸುತ್ತಾರೆ, ನಡೆಯಲಾರದ ಮುದುಕರನ್ನು ಹೆಗಲ ಮೇಲೆ ಹೊತ್ತು ಎತ್ತರದ ನೆಲಕ್ಕೆ ಒಯ್ಯುತ್ತಾರೆ. ರಕ್ತವು ತರುವ ವಾರ್ತೆಯನ್ನು ಕೇಳಿದ ಮೇಲೆ ಮಾಡಬೇಕಾದುದೂ ಅದನ್ನೇ.

ಅಭ್ಯಾಸ

೧. ರಕ್ತವನ್ನು ಹೊಳೆಗೆ ಹೋಲಿಸಲು ಕಾರಣವೇನು?
೨. ಇಮ್ಯುನೊಥೆರಪಿಯು ಹಳೆಯ ಚಿಕಿತ್ಸೆಗಳಿಗಿಂತ ಹೇಗೆ ಭಿನ್ನವಾಗಿದೆ? ಕಡಿವಾಣದ ಉದಾಹರಣೆಯಿಂದ ವಿವರಿಸಿರಿ.
೩. ಒಬ್ಬ ರೋಗಿಯ ನೂರು ಬಿಳಿಯ ರಕ್ತಕಣಗಳಲ್ಲಿ ೭೫ ನ್ಯೂಟ್ರೊಫಿಲ್‌ಗಳೂ ೧೫ ಲಿಂಫೊಸೈಟ್‌ಗಳೂ ಇವೆ. ಅವುಗಳ ಅನುಪಾತವೆಷ್ಟು? ಈ ಅಂಕಿಯೊಂದರಿಂದಲೇ ರೋಗಿಯ ಭವಿಷ್ಯವನ್ನು ನಿರ್ಧರಿಸಬಹುದೇ? ಕಾರಣ ಕೊಡಿರಿ.
೪. “ಸಂಖ್ಯೆಯನ್ನು ಓದಲು ಬಾರದವನು ಇದರಲ್ಲಿ ಮರಣಶಾಸನವನ್ನು ಕಾಣುತ್ತಾನೆ.” ಈ ಮಾತಿನ ಅರ್ಥವನ್ನು ಸಂದರ್ಭದೊಡನೆ ಬರೆಯಿರಿ.
೫. ಮುದುಕನ ಮಾತನ್ನು ಕೇಳಿದ ವೈದ್ಯರು ವರದಿಯನ್ನು ಬದಿಗಿಟ್ಟುದೇಕೆ? ನಿಮ್ಮ ಅಭಿಪ್ರಾಯವನ್ನು ಹತ್ತು ವಾಕ್ಯಗಳಲ್ಲಿ ಬರೆಯಿರಿ.